ಎಪ್ಪತ್ತೆರಡರಿಂದ ಭಾಗಿಸಿದರೆ ವಿಮಾನ ಬರುವುದಿಲ್ಲ

ಕ್ಯಾಟಲೀನಾ ಎಂಬ ಹಳೆಯ ಕಡಲಗಸ್ತು ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 31.7 ಮೀಟರ್. ಮೂತಿಯಿಂದ ಬಾಲಕ್ಕೆ ಹತ್ತೊಂಬತ್ತೂವರೆ ಮೀಟರ್. ಎರಡನ್ನೂ 72ರಿಂದ ಭಾಗಿಸಿದರೆ 44 ಮತ್ತು 27 ಸೆಂಟಿಮೀಟರ್. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಕಿಟ್ಟನ್ನು ಅಂಟಿಸಿ ನಿಲ್ಲಿಸಿದರೆ ಮೇಜಿನ ಮೇಲೆ ಸರಿಯಾಗಿ ಅಷ್ಟೇ ಜಾಗ ಹಿಡಿಯುತ್ತದೆ. ಹಾಗಾದರೆ ಸ್ಕೇಲ್ ಮಾಡೆಲ್ ಕಟ್ಟುವುದೆಂದರೆ ಬರೀ ಭಾಗಾಕಾರವೇ? ಈ ಹವ್ಯಾಸ ಹತ್ತಿಸಿಕೊಂಡ ಬಹಳ ಮಂದಿ ಹಾಗೆಂದೇ ನಂಬಿದ್ದಾರೆ. ಎಲ್ಲ ಅಳತೆಯನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ, ಒಂದು ರಿವೆಟ್ಟನ್ನೂ ಬಿಡದೆ ಕೂರಿಸಿದರೆ ನಿಜವಾದ ವಿಮಾನವೇ ಪುಟ್ಟದಾಗಿ ಕೈಗೆ ಬರುತ್ತದೆ ಎಂಬುದು ಅವರ ಲೆಕ್ಕ. ಈ ಲೆಕ್ಕ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ನೋಡುತ್ತ ಹೋದರೆ ಬೇರೊಂದು ವಿಷಯ ಸ್ಪಷ್ಟವಾಗುತ್ತದೆ. ಮಾಡೆಲ್ ಕಟ್ಟುವವರು ಒಂದು ಹೇಳಿಕೆ ಕೊಡುತ್ತಿರುತ್ತಾರೆ: ಇಂಥ ವಿಮಾನ, ಇಂಥ ದಿನ, ಇಷ್ಟು ದೂರದಿಂದ ನೋಡಿದರೆ ಹೀಗಿತ್ತು. ಆ ಹೇಳಿಕೆಗೆ ಆಧಾರ ಇದೆಯೇ ಇಲ್ಲವೇ ಎಂಬುದರ ಮೇಲೆ ಮಾಡೆಲ್ಲಿನ ಸತ್ಯಾಸತ್ಯ ನಿಂತಿದೆ. ಸ್ಕೇಲುಪಟ್ಟಿ ಅದರಲ್ಲಿ ಒಂದು ಸಾಕ್ಷಿ ಮಾತ್ರ, ನ್ಯಾಯಾಧೀಶನಲ್ಲ.

ಈ ಮಾತು ಯಾವ ವಿಮಾನಕ್ಕಾದರೂ ಒಪ್ಪಬಹುದು. ಆದರೆ ಗಸ್ತು ವಿಮಾನಕ್ಕೆ ಒಪ್ಪುವಷ್ಟು ಯುದ್ಧವಿಮಾನಕ್ಕೆ ಒಪ್ಪುವುದಿಲ್ಲ. ಫೈಟರ್ ವಿಮಾನದ ಕೆಲಸ ವೇಗ. ಗಸ್ತು ವಿಮಾನದ ಕೆಲಸ ನೋಡುವುದು. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯಲ್ಲಿ ಐಸಾಕ್ ಲ್ಯಾಡನ್ ವಿನ್ಯಾಸ ಮಾಡಿದ ಈ ವಿಮಾನ ಮೊದಲು ಹಾರಿದ್ದು 1935ರ ಮಾರ್ಚಿನಲ್ಲಿ. ಅದರ ಒಡಲನ್ನು ನೋಡಿದರೇ ಕೆಲಸ ಏನೆಂದು ಗೊತ್ತಾಗುತ್ತದೆ. ತಳ ದೋಣಿಯದು, ನೀರಿನ ಮೇಲೆ ಇಳಿಯಲು, ನೀರಿನಿಂದ ಏಳಲು. ರೆಕ್ಕೆಯನ್ನು ಒಡಲಿಗೆ ನೇರವಾಗಿ ಕೂಡಿಸದೆ ನಡುವೆ ಒಂದು ಗೂಟದಂಥ ಕಂಬ ನಿಲ್ಲಿಸಿ ಅದರ ಮೇಲೆ ಹೊರಿಸಿದ್ದಾರೆ. ಎಂಜಿನ್ನೂ ಪ್ರೊಪೆಲ್ಲರೂ ಅಲೆಯ ಸಿಡಿತಕ್ಕೆ ಸಿಗದಷ್ಟು ಎತ್ತರದಲ್ಲಿರಲಿ ಎಂದು. ಆ ಕಂಬದ ಒಳಗೇ ಫ್ಲೈಟ್ ಎಂಜಿನಿಯರ್ ಕೂರುತ್ತಿದ್ದ. ಬೆನ್ನಿನ ಎರಡೂ ಪಕ್ಕ ಉಬ್ಬಿದ ಗಾಜಿನ ಗುಮ್ಮಟಗಳು, ಕಡಲನ್ನು ಗಂಟೆಗಟ್ಟಲೆ ನೋಡುತ್ತ ಕೂರಲು. ಒಳಗೆ ಮಲಗಲು ಮಂಚ, ಅಡುಗೆಗೆ ಸಣ್ಣ ಒಲೆ. ಗಂಟೆಗೆ ಇನ್ನೂರು ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ತೆವಳುತ್ತ ಹದಿನೈದು, ಇಪ್ಪತ್ತು ಗಂಟೆ ಹಾರುವುದು ಇದಕ್ಕೆ ಮಾಮೂಲಿ. ಕಾಂಟಾಸ್ ವಿಮಾನಯಾನ ಸಂಸ್ಥೆ 1943ರಿಂದ 1945ರವರೆಗೆ ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ಇದೇ ವಿಮಾನವನ್ನು ಎಲ್ಲೂ ನಿಲ್ಲಿಸದೆ ಹಾರಿಸುತ್ತಿತ್ತು. ಪ್ರಯಾಣಿಕರಿಗೆ ದಾರಿಯಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದವು. ಪೆಟ್ರೋಲಿನ ಭಾರದಿಂದಾಗಿ ಪ್ರಯಾಣಿಕರು ಮೂವರಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ.

ನೋಡುವ ಕೆಲಸದ ವಿಮಾನಕ್ಕೂ ಮಾಡೆಲ್ಲಿಗೂ ಹಳೆಯ ನಂಟಿದೆ. ಒಂದಕ್ಕೆ ಎಪ್ಪತ್ತೆರಡು ಎಂಬ ಪ್ರಮಾಣ ಅಡಿ-ಅಂಗುಲದ ಕಾಲದ್ದು. ಆರು ಅಡಿಗೆ ಒಂದು ಅಂಗುಲ. ಬ್ರಿಟನ್ನಿನಲ್ಲಿ 1932ರಲ್ಲಿ ಬಂದ ಸ್ಕೈಬರ್ಡ್ಸ್ ಎಂಬ ಮರದ ಕಿಟ್‌ಗಳೂ 1936ರಲ್ಲಿ ಬಂದ ಫ್ರಾಗ್ ಕಂಪನಿಯ ಪ್ಲಾಸ್ಟಿಕ್ ಕಿಟ್‌ಗಳೂ ಅದನ್ನು ರೂಢಿಗೆ ತಂದವು. ಅದಕ್ಕೆ ಸರ್ಕಾರಿ ಮುದ್ರೆ ಬಿದ್ದದ್ದು ಯುದ್ಧದಲ್ಲಿ. 1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಗೆ ಒಂದು ಕೆಲಸ ಹಚ್ಚಿತು: ಐದು ಲಕ್ಷ ಮಾಡೆಲ್ ವಿಮಾನ ಬೇಕು, ಎಲ್ಲವೂ ಒಂದಕ್ಕೆ ಎಪ್ಪತ್ತೆರಡು, ಮರದಲ್ಲಿ ಕೆತ್ತಿ ಕಪ್ಪು ಬಣ್ಣ ಬಳಿದು ಕೊಡಬೇಕು. ಸೈನಿಕರಿಗೆ ಶತ್ರು ಯಾರು, ಮಿತ್ರ ಯಾರು ಎಂದು ಆಕಾರ ನೋಡಿಯೇ ಗುರುತಿಸಲು ಕಲಿಸುವುದು ಉದ್ದೇಶ. ಹತ್ತು ಮೀಟರ್ ದೂರದಲ್ಲಿ ಹಿಡಿದ ಆ ಮಾಡೆಲ್ ಮುಕ್ಕಾಲು ಕಿಲೋಮೀಟರ್ ಆಚೆಗಿನ ವಿಮಾನದಷ್ಟೇ ಕಾಣುತ್ತದೆ. ಅವುಗಳ ಮೇಲೆ ರಿವೆಟ್ ಇರಲಿಲ್ಲ, ಗುರುತುಚಿಹ್ನೆ ಇರಲಿಲ್ಲ, ಕಿಟಕಿ ಕೂಡ ಇರಲಿಲ್ಲ. ಆದರೂ ಆ ಕೆಲಸಕ್ಕೆ ಅವು ನೂರಕ್ಕೆ ನೂರು ನಿಖರ. ಈಗಿನ ಕಿಟ್ ತಯಾರಕರು ಆ ಪ್ರಮಾಣವನ್ನು ಹಾಗೇ ಉಳಿಸಿಕೊಂಡರು, ಅದರ ಹಿಂದಿದ್ದ ದೂರದ ಪ್ರಶ್ನೆಯನ್ನು ಮಾತ್ರ ಕೈಬಿಟ್ಟರು.

ಈಗ ಭಾಗಾಕಾರಕ್ಕೆ ಬರೋಣ. ವಿಮಾನದ ಮೈ ಮೇಲೆ ಎರಡು ತಗಡು ಕೂಡುವಲ್ಲಿ ಎರಡು ಮೂರು ಮಿಲಿಮೀಟರ್ ಸಂದು ಇದೆ ಎಂದುಕೊಳ್ಳಿ. 72ರಿಂದ ಭಾಗಿಸಿದರೆ ಅದು 0.03, 0.04 ಮಿಲಿಮೀಟರ್, ತಲೆಗೂದಲಿಗಿಂತ ಸಪೂರ. ಅಚ್ಚಿನಲ್ಲಿ ಅಷ್ಟು ಸಣ್ಣ ಗೆರೆ ಕೊರೆದರೆ ಮೊದಲ ಕೈ ಬಣ್ಣಕ್ಕೇ ಮುಚ್ಚಿಹೋಗುತ್ತದೆ. ಹಾಗಾಗಿ ಒಳ್ಳೆಯ ಕಿಟ್‌ಗಳಲ್ಲಿ ಕೂಡ ಗೆರೆಯ ಅಗಲ 0.15 ಮಿಲಿಮೀಟರಿನ ಆಸುಪಾಸು. ನಿಜ ಗಾತ್ರಕ್ಕೆ ಏರಿಸಿದರೆ ಒಂದು ಸೆಂಟಿಮೀಟರಿಗಿಂತ ದೊಡ್ಡ ಸಂದು! ತಳ ದೋಣಿಯಾಗಿರುವ ವಿಮಾನಕ್ಕೆ ಅಂಥ ಸಂದುಗಳಿದ್ದರೆ ಅದು ನೀರಿಗಿಳಿದ ಕೂಡಲೇ ಕಥೆ ಮುಗಿಯುತ್ತಿತ್ತು. ಗಾಜಿನ ಗುಮ್ಮಟದ ಕಥೆಯೂ ಇದೇ. ಕಿಟ್ಟಿನ ಪಾರದರ್ಶಕ ಭಾಗ ಒಂದು ಮಿಲಿಮೀಟರ್ ದಪ್ಪ ಇದ್ದರೆ ಲೆಕ್ಕದಲ್ಲಿ ಅದು ಏಳು ಸೆಂಟಿಮೀಟರ್ ದಪ್ಪದ ಗಾಜು. ಬ್ಯಾಂಕಿನ ಲಾಕರ್ ಕೋಣೆಗೆ ಹಾಕಬಹುದು, ಹಾರುವ ವಿಮಾನಕ್ಕೆ ಹಾಕುವಂತಿಲ್ಲ. ಇನ್ನು ಬಣ್ಣ. ಪ್ರೈಮರು, ಬಣ್ಣ, ವಾರ್ನಿಷು ಎಲ್ಲ ಸೇರಿ ಐದು ನೂರಾಂಶ ಮಿಲಿಮೀಟರ್ ಆದರೂ ಲೆಕ್ಕದಲ್ಲಿ ಮೂರೂವರೆ ಮಿಲಿಮೀಟರ್ ದಪ್ಪದ ಗಿಲಾವು ಆಯಿತು. ಒಟ್ಟಿನಲ್ಲಿ ಆಕಾರ ಭಾಗಾಕಾರಕ್ಕೆ ಬಗ್ಗುತ್ತದೆ, ದಪ್ಪ ಬಗ್ಗುವುದಿಲ್ಲ. ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ಅವುಗಳದ್ದೇ ಆದ ಜಾಯಮಾನವಿದೆ.

ರಿವೆಟ್ ಎಣಿಸುವವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಳತೆ ಒಂದನ್ನಾದರೂ ಬಿಗಿಯಾಗಿ ಹಿಡಿಯದಿದ್ದರೆ ಮಾಡೆಲ್ ಅವರವರ ಮನಸ್ಸಿಗೆ ಬಂದಂತೆ ಆಗುವುದಿಲ್ಲವೇ ಎಂದು. ಹೊರರೇಖೆಯ ಮಟ್ಟಿಗೆ ಅವರು ಹೇಳುವುದು ಸರಿ. ರೆಕ್ಕೆಯ ಕಂಬ ಒಂದು ಮಿಲಿಮೀಟರ್ ಗಿಡ್ಡವಾದರೂ ಕ್ಯಾಟಲೀನಾದ ನಿಲುವು ಕೆಡುತ್ತದೆ. ಅಲ್ಲಿ ರಾಜಿ ಇಲ್ಲ. ಆದರೆ ಅದಕ್ಕಿಂತ ಸಣ್ಣ ವಿವರಗಳಿಗೆ ಕಣ್ಣಿನ ಲೆಕ್ಕ ಬೇರೆಯೇ ಇದೆ. ಮಾಡೆಲ್ಲನ್ನು ನಾವು ಸುಮಾರು 30 ಸೆಂಟಿಮೀಟರ್ ದೂರದಿಂದ ನೋಡುತ್ತೇವೆ, ಅಂದರೆ ನಿಜ ವಿಮಾನವನ್ನು ಇಪ್ಪತ್ತೊಂದೂವರೆ ಮೀಟರ್ ದೂರ ನಿಂತು ನೋಡಿದ ಹಾಗೆ. ಚೆನ್ನಾಗಿರುವ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವನ್ನು. ಇಪ್ಪತ್ತೊಂದೂವರೆ ಮೀಟರಿನಲ್ಲಿ ಅದು ಆರು ಮಿಲಿಮೀಟರ್. ರಿವೆಟ್ಟಿನ ತಲೆ ಈ ಗಡಿಯಲ್ಲೇ ಇದೆ. ಅಷ್ಟು ದೂರಕ್ಕೆ ಸಾಲು ಇದೆ ಎಂಬ ಒಂದು ಸೂಚನೆ ಸಿಗುತ್ತದೆ, ಬಿಡಿ ರಿವೆಟ್ ಎಣಿಸಲಿಕ್ಕಾಗುವುದಿಲ್ಲ. 1960ರ ದಶಕದ ಏರ್‌ಫಿಕ್ಸ್ ಕ್ಯಾಟಲೀನಾ ಕಿಟ್ಟಿನ ಮೈತುಂಬ ಉಬ್ಬಿದ ರಿವೆಟ್‌ಗಳಿವೆ. ಬೆರಳಾಡಿಸಿದರೆ ಸಾಸಿವೆ ಚೆಲ್ಲಿದ ಹಾಗೆ ತಾಗುತ್ತವೆ. ಅವುಗಳ ಸಂಖ್ಯೆ ಸರಿಯಿದೆಯೇ ಎಂದು ಜಗಳ ಆಡುವವರಿದ್ದಾರೆ; ಸರಿ ಇದ್ದರೂ ನೋಟ ಸುಳ್ಳೇ. ಸಾಲಿನ ಜಾಗ ಗುರುತಿಸಿ, ಬೆಳಕು ವಾರೆಯಾಗಿ ಬಿದ್ದಾಗ ಮಾತ್ರ ತೋರುವಷ್ಟು ಉಳಿಸಿ, ಉಳಿದದ್ದನ್ನು ಉಪ್ಪುಕಾಗದ ಹಾಕಿ ಉಜ್ಜಿ ತೆಗೆದವರ ಮಾಡೆಲ್ ವಿಮಾನಕ್ಕೆ ಹೆಚ್ಚು ಹತ್ತಿರ.

ಇದೇ ದೂರದ ಲೆಕ್ಕ ಇನ್ನೊಂದು ಜನಪ್ರಿಯ ನಂಬಿಕೆಯನ್ನು ಅಲುಗಾಡಿಸುತ್ತದೆ. ಮಾಡೆಲ್ಲಿಗೆ ಹಚ್ಚುವ ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸಬೇಕು, ದೂರದ ಗುಡ್ಡ ಮಸುಕಾಗಿ ಕಾಣುವಂತೆ ದೂರದ ವಿಮಾನದ ಬಣ್ಣವೂ ತಿಳಿಯಾಗುತ್ತದೆ ಎಂದು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಇಪ್ಪತ್ತೊಂದು ಮೀಟರ್ ಗಾಳಿ ಯಾವ ಬಣ್ಣವನ್ನೂ ಮಸುಕು ಮಾಡುವುದಿಲ್ಲ. ರಸ್ತೆಯ ಆಚೆ ಬದಿಯ ಬಸ್ಸು ನಮಗೆ ಬಸ್ಸಿನ ಬಣ್ಣದಲ್ಲೇ ಕಾಣುತ್ತದೆ. ಹಾಗೆಂದು ಬಿಳಿ ಬೆರೆಸುವುದು ತಪ್ಪೇ? ಅಲ್ಲ, ಕಾರಣ ತಪ್ಪು. ಕಡಲ ಮೇಲಿನ ಬಿಸಿಲಿಗೂ ಮನೆಯ ಟ್ಯೂಬ್‌ಲೈಟಿಗೂ ನೂರಾರು ಪಟ್ಟು ಅಂತರ. ಬಿಸಿಲಲ್ಲಿ ಬೂದಾಗಿ ಕಾಣುವ ಕಡುಬೂದು, ಕಪಾಟಿನಲ್ಲಿ ಕಪ್ಪಾಗಿ ಕಾಣುತ್ತದೆ. ಅದೂ ಅಂಗೈಯಗಲದ ರೆಕ್ಕೆಯ ಮೇಲೆ ಇನ್ನಷ್ಟು ಕಪ್ಪು. ತಿಳಿ ಮಾಡುವುದು ಈ ಬೆಳಕಿನ ಕೊರತೆಯನ್ನು ತುಂಬಲು. ಕಾರಣ ಗೊತ್ತಿದ್ದರೆ ಎಷ್ಟು ಬೆರೆಸಬೇಕೆಂಬುದೂ ಗೊತ್ತಾಗುತ್ತದೆ: ಮಾಡೆಲ್ ಯಾವ ಕೋಣೆಯಲ್ಲಿ ಇರುತ್ತದೋ ಆ ಕೋಣೆಯ ಬೆಳಕಿನಲ್ಲೇ ಬಣ್ಣ ಕಲಸಿ ನೋಡಬೇಕು.

ನೀರಿನ ವಿಷಯದಲ್ಲಂತೂ ಭಾಗಾಕಾರ ಪೂರ್ತಿ ಸೋಲುತ್ತದೆ. ಸಣ್ಣ ತೊಟ್ಟಿಯಲ್ಲಿ ನಿಜವಾದ ನೀರು ತುಂಬಿ ಅದರ ಮೇಲೆ ಮಾಡೆಲ್ ಬಿಟ್ಟರೆ ಕಡಲಿನ ನೋಟ ಬರುವುದಿಲ್ಲ. ನೀರಿನ ಬಿಗಿತ, ಹನಿಯ ಗಾತ್ರ, ಅಲೆಯ ನಡೆ ಯಾವುದೂ ಎಪ್ಪತ್ತೆರಡು ಪಟ್ಟು ಕುಗ್ಗುವುದಿಲ್ಲ. ಹಳೆಯ ಸಿನಿಮಾಗಳಲ್ಲಿ ಮಾಡೆಲ್ ಹಡಗು ಮುಳುಗುವಾಗ ಬಕೆಟ್ಟಿನ ಗಾತ್ರದ ಹನಿಗಳು ಸಿಡಿಯುವುದು ಇದಕ್ಕೇ. ನೀರನ್ನು ನೀರಿನಿಂದ ತೋರಿಸಲಾಗದು; ಉಬ್ಬುತಗ್ಗು ಮಾಡಿದ ಹಲಗೆಗೆ ಕಡುಹಸಿರು ಬಣ್ಣ ಬಳಿದು ಮೇಲೆ ಹೊಳಪಿನ ವಾರ್ನಿಷ್ ಎಳೆದರೆ ಮಾತ್ರ ಕಣ್ಣು ನಂಬುತ್ತದೆ.

ಅಳತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ದಿನಾಂಕ ಶುರುವಾಗುತ್ತದೆ. 1942ರ ಏಪ್ರಿಲ್ 4ರಂದು ಕೆನಡಾದ 413ನೇ ದಳದ ಒಂದು ಕ್ಯಾಟಲೀನಾ ಕೊಗ್ಗಲದಿಂದ ಗಸ್ತಿಗೆ ಹೊರಟಿತು. ಹಾರಿಸುತ್ತಿದ್ದವರು ಲಿಯೊನಾರ್ಡ್ ಬರ್ಚಲ್, ವಿಮಾನದ ಸಂಖ್ಯೆ ಎಜೆ 155. ಸಿಲೋನ್ ದ್ವೀಪದ ದಕ್ಷಿಣಕ್ಕೆ, ಗಸ್ತು ಮುಗಿಯುವ ಹೊತ್ತಿಗೆ, ದೂರದಲ್ಲಿ ಚುಕ್ಕೆಗಳು ಕಂಡವು. ಹತ್ತಿರ ಹೋದರೆ ಅಡ್ಮಿರಲ್ ನಗುಮೊನ ಜಪಾನಿ ನೌಕಾಬಲ. ಸುದ್ದಿಯನ್ನು ರೇಡಿಯೊದಲ್ಲಿ ಕಳಿಸುತ್ತಿರುವಾಗಲೇ ಜಪಾನಿ ಫೈಟರ್‌ಗಳು ಅವರನ್ನು ಹೊಡೆದುರುಳಿಸಿದವು. ಒಂಬತ್ತು ಮಂದಿಯಲ್ಲಿ ಮೂವರು ಸತ್ತರು, ಆರು ಮಂದಿ ಯುದ್ಧ ಮುಗಿಯುವವರೆಗೆ ಸೆರೆಯಲ್ಲಿದ್ದರು. ಮರುದಿನ ಬೆಳಗ್ಗೆ ಕೊಲಂಬೊ ಮೇಲೆ ದಾಳಿಯಾಯಿತು, ಆದರೆ ಸುದ್ದಿ ಮೊದಲೇ ಮುಟ್ಟಿತ್ತು. ಈ ವಿಮಾನವನ್ನು ಕಟ್ಟಲು ಹೊರಟವರ ಮುಂದೆ ಮೊದಲು ನಿಲ್ಲುವುದು ಬ್ರಿಟಿಷ್ ವೃತ್ತಚಿಹ್ನೆ. ಅದರ ನಡುವೆ ಆಗ ಕೆಂಪು ಬಣ್ಣವಿತ್ತು. ಜಪಾನಿನ ಕೆಂಪು ಸೂರ್ಯನ ಜೊತೆ ಗೊಂದಲವಾಗಿ ತಮ್ಮವರೇ ಗುಂಡು ಹಾರಿಸಬಾರದೆಂದು 1943ರ ಹೊತ್ತಿಗೆ ಈ ಭಾಗದ ವಿಮಾನಗಳಿಂದ ಕೆಂಪನ್ನು ತೆಗೆದು ಕಡುನೀಲಿಯೊಳಗೆ ತಿಳಿನೀಲಿ ಹಾಕಿದರು. ಅಮೆರಿಕದವರೂ ಇದೇ ಭಯಕ್ಕೆ ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು 1942ರ ಮೇ ತಿಂಗಳಲ್ಲಿ ಅಳಿಸಿದರು. ಹಿಂದೂ ಮಹಾಸಾಗರ ಎಂದ ಕೂಡಲೇ ನೀಲಿಯೊಳಗೆ ನೀಲಿ ಅಂಟಿಸಿದರೆ ಬರ್ಚಲ್ ಸೆರೆಮನೆಯಲ್ಲಿದ್ದ ಕಾಲದ ಚಿಹ್ನೆಯನ್ನು ಅವನ ವಿಮಾನಕ್ಕೆ ಹಾಕಿದಂತೆ. ರೆಕ್ಕೆ ಅರ್ಧ ಮಿಲಿಮೀಟರ್ ಕಡಿಮೆಯಾದ ತಪ್ಪಿಗಿಂತ ಈ ತಪ್ಪು ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಎರಡನೆಯ ತೊಡಕು ಚಕ್ರದ್ದು. ಅಂಗಡಿಯಲ್ಲಿ ಸಿಗುವ ಕಿಟ್‌ಗಳು ಬಹುಪಾಲು ಕ್ಯಾಟಲೀನಾದ ಪಿಬಿವೈ-5ಎ ಎಂಬ ಮಾದರಿಯವು, ಅಂದರೆ ನೆಲದ ಮೇಲೂ ಇಳಿಯಬಲ್ಲ ವಿಮಾನ. ಅದರ ಒಡಲಿನ ಎರಡೂ ಪಕ್ಕ ಚಕ್ರ ಮಡಚಿಕೊಳ್ಳುವ ಗೂಡುಗಳಿವೆ, ಬಾಗಿಲಿಲ್ಲದ್ದರಿಂದ ಮಡಚಿದ ಚಕ್ರ ಹೊರಗಿನಿಂದಲೇ ಕಾಣುತ್ತದೆ. ಬರ್ಚಲ್‌ನದು ಶುದ್ಧ ನೀರುವಿಮಾನ, ಚಕ್ರವೇ ಇಲ್ಲ. ಹಾಗಾಗಿ ಗೂಡು ಮುಚ್ಚಬೇಕು. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಗೂಡಿನ ಆಕಾರಕ್ಕೆ ಕತ್ತರಿಸಿ, ಒಡಲಿನ ಬಾಗು ಬರುವಂತೆ ಬಿಸಿನೀರಿನಲ್ಲಿ ಅದ್ದಿ ಬಗ್ಗಿಸಿ, ಒಳಗಿನಿಂದ ಆಧಾರಪಟ್ಟಿ ಕೊಟ್ಟು ಕೂರಿಸಬೇಕು. ತೆಳುವಾದ ಅಂಟು ಸಂದಿನಲ್ಲಿ ತಾನೇ ಹರಿದು ಎರಡೂ ಅಂಚನ್ನು ಕರಗಿಸಿ ಬೆಸೆಯುತ್ತದೆ. ಆಗ ಒತ್ತಿ ಹಿಡಿದರೆ ಕರಗಿದ ಪ್ಲಾಸ್ಟಿಕ್ ನೂಲೆಳೆಯಂತೆ ಮೇಲೆ ಉಕ್ಕುತ್ತದೆ. ಅದು ಒಣಗಿದ ಮೇಲೆ ಪುಟ್ಟಿ. ಪುಟ್ಟಿ ಒಣಗಿದ ಮೇಲೆ 400ನೇ ನಂಬರಿನ ಉಪ್ಪುಕಾಗದ, ನಂತರ 600, ನಂತರ 1000, ಕೊನೆಯವೆರಡು ನೀರು ಹಾಕಿ. ಕಣ್ಣಿಗೆ ಈಗ ಎಲ್ಲ ಸಾಪಾಗಿ ಕಾಣುತ್ತದೆ. ಬೂದುಬಣ್ಣದ ಪ್ರೈಮರ್ ಒಂದು ಕೈ ಹೊಡೆದರೆ ಗೂಡಿನ ಗೆರೆ ಭೂತದ ಹಾಗೆ ಮತ್ತೆ ಎದ್ದು ಬರುತ್ತದೆ. ಪುನಃ ಪುಟ್ಟಿ, ಪುನಃ ಉಜ್ಜು. ಈ ಉಸಾಬರಿಯಿಂದ ಮಾಡೆಲ್ಲಿಗೆ ಸೇರುವುದು ಏನು? ಏನೂ ಇಲ್ಲ, ಇಲ್ಲದ ಒಂದು ವಸ್ತು ಇಲ್ಲದಂತೆ ಕಾಣುತ್ತದೆ, ಅಷ್ಟೆ. ಆದರೆ ಚಕ್ರವಿಲ್ಲದ ವಿಮಾನ ಎಲ್ಲಿಂದ ಹಾರಬಹುದು, ಎಲ್ಲಿ ಇಳಿಯಬಹುದು, ಕೊಗ್ಗಲದಂಥ ಸರೋವರ ಯಾಕೆ ಬೇಕಿತ್ತು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಸಾಪಾದ ಪಕ್ಕೆಯಲ್ಲಿದೆ. ರೆಕ್ಕೆಯ ತುದಿಯ ತೇಲುಬುಂಡೆಗಳದ್ದೂ ಅದೇ ಮಾತು. ಹಾರುವಾಗ ಅವು ಮೇಲಕ್ಕೆ ಮಡಚಿ ರೆಕ್ಕೆಯ ತುದಿಯೇ ಆಗಿಬಿಡುತ್ತವೆ, ನೀರಿನ ಮೇಲೆ ಕೆಳಗಿಳಿಯುತ್ತವೆ. ನೀರಿನ ಮೇಲೆ ಕೂರಿಸಿದ ಮಾಡೆಲ್ಲಿನ ಬುಂಡೆ ಮೇಲೆತ್ತಿದ್ದರೆ ಅದು ತಪ್ಪು; ನಿಜವಾದ ವಿಮಾನವಾಗಿದ್ದರೆ ಒಂದು ರೆಕ್ಕೆ ನೀರಿಗೆ ಅದ್ದಿ ವಾಲುತ್ತಿತ್ತು.

ಆಧಾರ ಸಿಗದಿದ್ದರೆ ಏನು ಮಾಡುವುದು? ಇದು ಗಟ್ಟಿ ಆಕ್ಷೇಪ. ಒಂದು ನಿರ್ದಿಷ್ಟ ವಿಮಾನದ ಒಂದು ನಿರ್ದಿಷ್ಟ ದಿನದ ಫೋಟೊ ಸಿಗುವುದು ಅಪರೂಪ. ಸಿಕ್ಕಿದರೂ ಕಪ್ಪುಬಿಳುಪು; ಆ ಕಾಲದ ಕೆಲವು ಫಿಲ್ಮುಗಳಲ್ಲಿ ಕೆಂಪು ಹೆಚ್ಚುಕಡಿಮೆ ಕಪ್ಪಾಗಿ, ನೀಲಿ ಬೆಳ್ಳಗೆ ಬರುತ್ತಿತ್ತು. ಅಮೆರಿಕದ ಕಾರ್ಖಾನೆಯಲ್ಲೇ ಬಣ್ಣ ಬಳಿದುಕೊಂಡು ಬಂದ ವಿಮಾನಗಳಲ್ಲಿ ಬ್ರಿಟಿಷ್ ಬಣ್ಣಪಟ್ಟಿಯ ಬಣ್ಣಕ್ಕೆ ಬದಲು ಅದಕ್ಕೆ ಹತ್ತಿರದ ಅಮೆರಿಕದ ಬಣ್ಣ ಇರುತ್ತಿತ್ತು. ಇಷ್ಟೆಲ್ಲ ಅನುಮಾನ ಇಟ್ಟುಕೊಂಡು ಹೇಳಿಕೆ ಎಂದರೆ ಹೇಗೆ? ನನಗೆ ತೋಚುವ ಉತ್ತರ ಇದು: ಚರಿತ್ರೆ ಬರೆಯುವವರಿಗೂ ಇದೇ ಕಷ್ಟ, ಅವರು ಬರೆಯುವುದನ್ನು ನಿಲ್ಲಿಸಿಲ್ಲ. ಅದೇ ದಳದ ಅಕ್ಕಪಕ್ಕದ ವಿಮಾನಗಳನ್ನು ನೋಡಬಹುದು, ಅದೇ ತಿಂಗಳ ಆದೇಶಗಳನ್ನು ನೋಡಬಹುದು. ಬರಹಗಾರ ‘ಬಹುಶಃ’ ಎಂದು ಬರೆಯಬಲ್ಲ, ಪ್ಲಾಸ್ಟಿಕ್ಕಿಗೆ ಮಾತ್ರ ಆ ಸೌಕರ್ಯವಿಲ್ಲ. ಯಾವುದೋ ಒಂದು ಬೂದು ಬಳಿಯಲೇಬೇಕು. ಅದಕ್ಕೇ ಅನುಮಾನವಿರುವ ಕಡೆ ಕಡಿಮೆ ಹೇಳುವುದು ಒಳ್ಳೆಯ ರೂಢಿ. ತುಕ್ಕು, ಹೊಗೆ, ಎಣ್ಣೆಯ ಸೋರಿಕೆ, ಬಣ್ಣ ಎದ್ದುಹೋದ ಕಲೆ ಇವನ್ನು ಕೈತುಂಬ ಮೆತ್ತುವ ಚಟ ಇತ್ತೀಚೆಗೆ ಜೋರಾಗಿದೆ. ಕ್ಯಾಟಲೀನಾ ಉಪ್ಪುನೀರಿನಲ್ಲಿ ಬಾಳಿದ ವಿಮಾನ, ಕಲೆ ಇತ್ತು, ಒಪ್ಪೋಣ. ಎಂಜಿನ್ನಿನ ಹಿಂದೆ ರೆಕ್ಕೆಯ ಮೇಲೆ ಸೀಸ ಬೆರೆತ ಪೆಟ್ರೋಲಿನ ಹೊಗೆ ಬಿಳಿಚಿದ ಬೂದು ಪಟ್ಟೆ ಎಳೆಯುತ್ತಿತ್ತು. ಆದರೆ ಉಪ್ಪು ಲೋಹವನ್ನು ತಿನ್ನುತ್ತದೆಂದೇ ಅದನ್ನು ಸಿಹಿನೀರಿನಿಂದ ತೊಳೆಯುತ್ತಲೂ ಇದ್ದರು. ಕೊಳೆಯ ಜೊತೆ ತೊಳೆದವರ ಕೆಲಸವೂ ಕಾಣಬೇಕಲ್ಲ.

ನಿಜವಾದ ವಿಮಾನವೇ ಎಲ್ಲೋ ನಿಂತಿರುವಾಗ ಇಷ್ಟೆಲ್ಲ ಹುಡುಕಾಟ ಯಾಕೆ ಎನ್ನುವವರೂ ಇದ್ದಾರೆ. ಭಾರತೀಯ ನೌಕಾಪಡೆ 1988ರಿಂದ 2017ರವರೆಗೆ ಹಾರಿಸಿದ ಟುಪೊಲೆವ್ ಟಿಯು-142 ಗಸ್ತು ವಿಮಾನಗಳಲ್ಲಿ ಒಂದು ಈಗ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕದಲ್ಲಿದೆ, ಇನ್ನೊಂದು ವಿಶಾಖಪಟ್ಟಣದಲ್ಲಿದೆ. ಐವತ್ತು ಮೀಟರ್ ರೆಕ್ಕೆಯ ಆ ದೈತ್ಯನನ್ನು ಕಟ್ಟಬೇಕೆನ್ನುವವರು ಖಂಡಿತ ಕಾರವಾರಕ್ಕೆ ಹೋಗಲಿ; ಒಂದರ ಹಿಂದೊಂದು ಜೋಡಿಸಿ ಎದುರುಬದುರು ತಿರುಗುವ ಆ ಪ್ರೊಪೆಲ್ಲರ್‌ಗಳ ಗಾತ್ರ ಯಾವ ನಕ್ಷೆಯಿಂದಲೂ ತಲೆಗೆ ಹೋಗುವುದಿಲ್ಲ. ಆದರೆ ಸಂಗ್ರಹಾಲಯಕ್ಕೆ ಬರುವ ವಿಮಾನದ ಉಪಕರಣ ಬಿಚ್ಚಿರುತ್ತಾರೆ, ಸಾಗಿಸಲು ತುಂಡು ಮಾಡಿ ಮತ್ತೆ ಜೋಡಿಸಿರುತ್ತಾರೆ, ಕಡಲ ಗಾಳಿ ತಡೆಯಲು ಹೊಸ ಬಣ್ಣ ಬಳಿದಿರುತ್ತಾರೆ. ಅದರ ಆಕಾರ ಪ್ರಮಾಣವಾಕ್ಯ, ಅದರ ಮೇಲ್ಮೈ ಮಾತ್ರ ನಿವೃತ್ತಿಯ ನಂತರದ ದಿನಾಂಕದ್ದು.

ಒಳಗಿನ ವಿವರದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗಬೇಕು. ಹಾಸಿಗೆ, ಒಲೆ, ರೇಡಿಯೊ ಮೇಜು ಎಲ್ಲವನ್ನೂ ಕಟ್ಟಿ ಒಡಲಿನ ಎರಡು ಹೋಳು ಅಂಟಿಸಿದ ಮೇಲೆ ಅದನ್ನು ಯಾವ ಕಣ್ಣೂ ನೋಡದು. ಕಟ್ಟಿದವರಿಗೆ ಗೊತ್ತಿರುತ್ತದೆ, ಸಾಕಲ್ಲ ಎನ್ನುತ್ತಾರೆ. ಸಾಕು, ಬೇಡವೆನ್ನಲು ನಾನ್ಯಾರು. ಆದರೆ ಅಷ್ಟೇ ಶ್ರಮವನ್ನು ಗಾಜಿನ ಗುಮ್ಮಟಕ್ಕೆ ಹಾಕಿದರೆ, ದಪ್ಪ ಭಾಗ ಬಿಟ್ಟು ತೆಳು ಹಾಳೆಯಲ್ಲಿ ಎಳೆದ ಗುಮ್ಮಟ ಕೂರಿಸಿದರೆ, ನೋಡುವುದಕ್ಕೆಂದೇ ಹುಟ್ಟಿದ ವಿಮಾನದ ಕಣ್ಣೇ ತೆರೆಯುತ್ತದೆ. ಚಕ್ರದ ಮಾದರಿ ಕಟ್ಟುವವರು ಒಡಲು ಮುಚ್ಚುವ ಮೊದಲು ಮೂತಿಯೊಳಗೆ ಭಾರ ಇಡಲು ಮರೆಯಬಾರದು, ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂರುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಬಿಳಿ ಫೆವಿಕಾಲ್ ಜಾತಿಯ ಅಂಟಿನಲ್ಲಿ ಹೂತರೆ ವರ್ಷಗಳ ಮೇಲೆ ಸೀಸ ಬಿಳಿಪುಡಿಗಟ್ಟಿ ಉಬ್ಬಿ ಮೂತಿಯನ್ನೇ ಸೀಳಬಹುದು. ಅಲ್ಲಿ ಎಪಾಕ್ಸಿ ವಾಸಿ.

ಯುದ್ಧದ ಯಂತ್ರವನ್ನು ಮುದ್ದು ಮಾಡಿ ಕಪಾಟಿನಲ್ಲಿಡುವುದು ಸರಿಯೇ ಎಂಬ ಪ್ರಶ್ನೆ ಬರದೆ ಇರುವುದಿಲ್ಲ. ಕಿಟ್ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ಪ್ರಶ್ನೆ ನ್ಯಾಯವೇ. ಅಲ್ಲಿ ಯಾವಾಗಲೂ ಗುಂಡು ಹಾರುತ್ತಿರುತ್ತದೆ, ಜಲಾಂತರ್ಗಾಮಿ ಹೊತ್ತಿ ಉರಿಯುತ್ತಿರುತ್ತದೆ. ಗಸ್ತಿನ ಬಹುಪಾಲು ಗಂಟೆಗಳಲ್ಲಿ ಕಂಡದ್ದು ಬರೀ ನೀರು. ಜೀವ ಉಳಿಸಿದ ದಿನಗಳೂ ಇದ್ದವು. 1945ರ ಆಗಸ್ಟ್ 2ರಂದು ಏಡ್ರಿಯನ್ ಮಾರ್ಕ್ಸ್ ಎಂಬ ಪೈಲಟ್ ಪೆಸಿಫಿಕ್ ಸಾಗರದಲ್ಲಿ ಇಂಡಿಯಾನಾಪೊಲಿಸ್ ಹಡಗು ಮುಳುಗಿ ದಿನಗಟ್ಟಲೆ ತೇಲುತ್ತಿದ್ದವರ ನಡುವೆ, ಎತ್ತರದ ಅಲೆಗಳ ಮೇಲೆಯೇ ತನ್ನ ಕ್ಯಾಟಲೀನಾ ಇಳಿಸಿದ. 56 ಮಂದಿಯನ್ನು ಹತ್ತಿಸಿಕೊಂಡ. ಒಳಗೆ ಜಾಗ ಮುಗಿದ ಮೇಲೆ ಉಳಿದವರನ್ನು ರೆಕ್ಕೆಯ ಮೇಲೆ ಪ್ಯಾರಾಚೂಟಿನ ಹಗ್ಗದಲ್ಲಿ ಕಟ್ಟಿ ಮಲಗಿಸಿದರು. ಆ ರೆಕ್ಕೆಯ ಹಿಂಭಾಗ ಲೋಹದ್ದಲ್ಲ, ಬಟ್ಟೆ ಬಿಗಿದದ್ದು. ಅದು ಹರಿದುಹೋಯಿತು, ವಿಮಾನ ಮತ್ತೆ ಏಳಲಿಲ್ಲ. ಕೊನೆಗೆ ಅದನ್ನು ಅಲ್ಲೇ ಮುಳುಗಿಸಬೇಕಾಯಿತು. ರೆಕ್ಕೆಯ ಹಿಂಭಾಗವನ್ನು ಮುಂಭಾಗಕ್ಕಿಂತ ಬೇರೆಯಾಗಿ, ಬಟ್ಟೆಯ ಹಾಗೆ ಕಾಣಿಸುವುದು ಯಾಕೆ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಯಾವ ದಿನವನ್ನು ಆರಿಸುತ್ತೇವೆ ಎಂಬುದರಲ್ಲೇ ಯುದ್ಧದ ಬಗೆಗಿನ ನಮ್ಮ ನಿಲುವೂ ಇರುತ್ತದೆ.

ಹಾಗಿದ್ದರೆ ಬೆಂಗಳೂರಿನಲ್ಲಿ ಕೂತು ಕ್ಯಾಟಲೀನಾ ಕಟ್ಟುವವರು ಯಾವ ದಿನ ಆರಿಸಬೇಕು? ಆಯ್ಕೆ ಮನೆ ಬಾಗಿಲಲ್ಲೇ ಇದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಪೂರ್ವ ರಣರಂಗದ ವಿಮಾನಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು, ಅವುಗಳಲ್ಲಿ ಕ್ಯಾಟಲೀನಾಗಳೂ ಇದ್ದವು. ನೀರುವಿಮಾನ ಇಳಿಯಲು ಬೆಳ್ಳಂದೂರು ಕೆರೆ ಇತ್ತು. (ಈಗಿನ ನೊರೆ ನೋಡಿದವರಿಗೆ ನಂಬಲು ಕಷ್ಟ.) ಕಡಲಿನಿಂದ ಮುನ್ನೂರು ಕಿಲೋಮೀಟರ್ ದೂರದ, ಸಮುದ್ರಮಟ್ಟದಿಂದ ಒಂಬತ್ತು ನೂರು ಮೀಟರ್ ಎತ್ತರದ ಊರಿನ ಕೆರೆಯಲ್ಲಿ ಕಡಲಗಸ್ತಿನ ವಿಮಾನ. ಕಪಾಟಿನಲ್ಲಿ ಇಡಲು ಇದಕ್ಕಿಂತ ಕುತೂಹಲದ ಸಂಗತಿ ಬೇಕೆ?

ರಿಪೇರಿಗೆ ಬಂದ ವಿಮಾನದಲ್ಲಿ ಗಸ್ತಿನ ಕಥೆ ಎಲ್ಲಿದೆ ಎಂದು ಕೇಳಬಹುದು. ಅಲ್ಲೇ ಇದೆ ಎನ್ನುತ್ತೇನೆ. ಇಪ್ಪತ್ತು ಗಂಟೆ ಉಪ್ಪುಗಾಳಿಯಲ್ಲಿ ಹಾರುವ ಯಂತ್ರವನ್ನು ಯಾರೋ ಬಿಚ್ಚಿ, ತಿಕ್ಕಿ, ಮತ್ತೆ ಕಟ್ಟದಿದ್ದರೆ ಎರಡನೆಯ ಗಸ್ತು ಇರುವುದಿಲ್ಲ. ಬರ್ಚಲ್‌ಗೆ ಹೆಸರಿದೆ, ಕಾರ್ಖಾನೆಯ ಫಿಟ್ಟರಿಗೆ ಇಲ್ಲ. ಕಟ್ಟುವ ಲೆಕ್ಕದಲ್ಲಿ ನೋಡಿದರೂ ಇದು ಒಳ್ಳೆಯ ಸವಾಲು. ವೃತ್ತಚಿಹ್ನೆ ಈಗ ನೀಲಿಯೊಳಗೆ ನೀಲಿ. ಎಂಜಿನ್ನಿನ ಮುಚ್ಚಳ ತೆಗೆದಿಟ್ಟರೆ ಟ್ವಿನ್ ವಾಸ್ಪ್ ಎಂಜಿನ್ನಿನ ಹದಿನಾಲ್ಕು ಸಿಲಿಂಡರ್ ಎರಡು ಸಾಲಿನಲ್ಲಿ ಕಾಣಬೇಕು, ಕಿಟ್‌ನ ಚಪ್ಪಟೆ ಎಂಜಿನ್ ಅಲ್ಲಿಗೆ ಸಾಲದು. ಬಟ್ಟೆ ಬಿಚ್ಚಿದ ರೆಕ್ಕೆಯ ಹಿಂಭಾಗದಲ್ಲಿ ಪಕ್ಕೆಲುಬುಗಳನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಬೇಕು. ಕಾರ್ಖಾನೆಯ ಹಳೆಯ ಫೋಟೊಗಳಲ್ಲಿ ಕಾಣದ ಏಣಿ, ಅಟ್ಟಣಿಗೆ, ಮನುಷ್ಯರ ಬಟ್ಟೆ ಯಾವುದನ್ನೂ ಅಂದಾಜಿನ ಮೇಲೆ ಸೇರಿಸಬಾರದು. ಇನ್ನು ಉಳಿಯುವುದು ಒಂದೇ ತೀರ್ಮಾನ: ವಿಮಾನ ಒಳಗೆ ಬಂದ ದಿನವೋ, ಹೊರಗೆ ಹೋದ ದಿನವೋ. ಬಂದ ದಿನ ಎಂದರೆ ತಳದಲ್ಲಿ ನೀರಿನ ಗೆರೆ, ಮಸುಕು ಬಣ್ಣ, ರೆಕ್ಕೆಯ ಮೇಲೆ ಬಿಳಿಚಿದ ಹೊಗೆಪಟ್ಟೆ. ಹೋದ ದಿನ ಎಂದರೆ ಹೊಸ ಬಟ್ಟೆ, ಹೊಸ ಬಣ್ಣ, ಒಂದು ಕಲೆಯೂ ಇಲ್ಲದ ಮೈ. ಪ್ರದರ್ಶನದಲ್ಲಿ ತೀರ್ಪುಗಾರರು ಮೊದಲನೆಯದಕ್ಕೇ ಹೆಚ್ಚು ಅಂಕ ಕೊಟ್ಟಾರು, ಕಲೆ ಹಾಕುವುದರಲ್ಲಿ ಕೈಚಳಕ ಕಾಣುತ್ತದೆ. ನನ್ನ ಮತ ಎರಡನೆಯದಕ್ಕೆ, ಕಾರ್ಖಾನೆ ಮಾಡಿದ ಕೆಲಸ ಆ ಶುಭ್ರ ಮೈಯಲ್ಲೇ ಇರುವುದರಿಂದ.